ನೀಲಗಿರಿ ಕಡಿಸಿದ ಮೇಲೆ

ಜುಲೈ 5, ಶನಿವಾರ

ನಾವು ನಡೆಸುವ ಹುಡುಗಿಯರ ಪಿ.ಜಿ. ಹಾಸ್ಟೆಲಿನ ಮೂರನೇ ಮಹಡಿಯ ಕೊನೆಯ ರೂಮಿನ ಬಾಗಿಲು ಇವತ್ತು ಹಾಕಿಕೊಳ್ಳಲಿಲ್ಲ. ಆ ರೂಮಿನ ಹುಡುಗಿಯರು ಬಂದು ಹೇಳಿದಾಗ, ಮಳೆಗಾಲದಲ್ಲಿ ಮರ ಉಬ್ಬುವುದು ಮಾಮೂಲು, ಬಡಗಿಯನ್ನು ಕರೆಸುತ್ತೇನೆ ಎಂದೆ. ಆಮೇಲೆ ಮೇಲೆ ಹೋಗಿ ನೋಡಿದರೆ ಬಾಗಿಲು ಉಬ್ಬಿಲ್ಲ. ಎಡಗಡೆ ಮೇಲ್ಮೂಲೆ ಚೌಕಟ್ಟಿಗೆ ಉಜ್ಜುತ್ತದೆ, ಬಲಗಡೆ ಬೆರಳು ತೂರುವಷ್ಟು ಸಂದಿ. ಬಾಗಿಲು ನೆಟ್ಟಗಿದೆ, ಚೌಕಟ್ಟೇ ಓರೆಯಾಗಿದೆ.

ಇವರಿಗೆ ಹೇಳಿದರೆ, ಭವ್ಯಾ, ನಿನಗೆ ಹಲ್ಲಿ ಲೊಚಗುಟ್ಟಿದರೂ ಭಯ ಎಂದು ನಗುತ್ತಾರೆ. ಅದಕ್ಕೇ ಈ ಡೈರಿ. ಸಿಮೆಂಟ್ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟಿದ್ದು, ಆರು ತಿಂಗಳಿಂದ ಫ್ರಿಜ್ ಮೇಲೆ ಖಾಲಿ ಬಿದ್ದಿತ್ತು. ಪ್ರತಿ ಹಾಳೆಯ ತಲೆಯ ಮೇಲೂ ಒಂದು ದೊಡ್ಡ ಕಟ್ಟಡದ ಚಿತ್ರ, ಕೆಳಗೆ ‘ಮೂರು ತಲೆಮಾರಿಗೂ ಭದ್ರ’ ಎಂದು ಅಚ್ಚು ಹಾಕಿದ್ದಾರೆ. ನಮ್ಮದು ಹನ್ನೊಂದು ವರ್ಷಕ್ಕೇ ಬಾಗಿಲು ಹಾಕಿಕೊಳ್ಳುತ್ತಿಲ್ಲ.

ಒಳ್ಳೆಯದನ್ನೂ ಬರೆಯಬೇಕಲ್ಲ. ಪಿ.ಜಿ. ಕಟ್ಟಡದ ಹಿಂದಿನ ಹಳೇ ಬಾವಿಯಲ್ಲಿ ನೀರು ಬಂದಿದೆ. ಇಪ್ಪತ್ತು ವರ್ಷದಿಂದ ಒಣಗಿ, ಊರಿನವರೆಲ್ಲ ಕಸ ಸುರಿಯುತ್ತಿದ್ದ ಬಾವಿ. ಹೋದ ವರ್ಷ ಬೋರ್‌ವೆಲ್ ಕೈಕೊಟ್ಟಾಗ ಮೂವತ್ತೆಂಟು ಹುಡುಗಿಯರಿಗೆ ಸ್ನಾನಕ್ಕೆ ನೀರು ಹೊಂದಿಸಲು ನಾನು ಪಟ್ಟ ಪಾಡು ನನಗೇ ಗೊತ್ತು. ಹಿಂದಿನ ಗೋಡೆಯುದ್ದಕ್ಕೂ ನಿಂತಿದ್ದ ನಲವತ್ತೆರಡು ನೀಲಗಿರಿ ಮರಗಳೇ ನೆಲದ ನೀರನ್ನೆಲ್ಲ ಕುಡಿಯುತ್ತಿವೆ, ಕಡಿಸಿಬಿಡಿ ಎಂದು ಇವರನ್ನು ಒಂದು ವರ್ಷ ಕಾಡಿದೆ. ಏಪ್ರಿಲ್‌ನಲ್ಲಿ ಕಡಿಸಿದೆವು. ನೀಲಗಿರಿ ಬೊಡ್ಡೆ ಬಿಟ್ಟರೆ ಮತ್ತೆ ಚಿಗುರುತ್ತದೆಂದು ಜೆಸಿಬಿ ತರಿಸಿ ಬೇರುಸಮೇತ ಕೀಳಿಸಿದ್ದು ನಾನೇ, ಬಿಸಿಲಲ್ಲಿ ನಿಂತು. ಮಾವ ಆಗ ಮಾಲೂರಿನಲ್ಲಿ ಮಗಳ ಮನೆಯಲ್ಲಿದ್ದರು, ಈಗಲೂ ಅಲ್ಲೇ ಇದ್ದಾರೆ. ಅವರನ್ನೊಂದು ಮಾತು ಕೇಳಬೇಕೆಂದು ಯಾರಿಗೂ ತೋಚಲಿಲ್ಲ.

ಎರಡು ತಿಂಗಳಿಗೇ ಬಾವಿ ತುಂಬಿತು. ನಮ್ಮೂರು ದೊಡ್ಡನೆಕ್ಕುಂದಿಯಲ್ಲಿ ಈಗ ಎಲ್ಲರ ಬಾಯಲ್ಲೂ ನನ್ನದೇ ಮಾತು. ಹೋದ ವಾರ ಬಾವಿಗೆ ಅರಿಶಿನ ಕುಂಕುಮ ಹಚ್ಚಿ ಬಂದೆ.

ಜುಲೈ 12, ಶನಿವಾರ

ಬಡಗಿ ಮೂಲೆ ಕೆತ್ತಿದ ಮೇಲೆ ಬಾಗಿಲು ಹಾಕಿಕೊಳ್ಳುತ್ತಿದೆ. ಈಗ ಅದೇ ರೂಮಿನ ಕಿಟಕಿಯ ಮೂಲೆಯಿಂದ ಗೋಡೆಯಲ್ಲಿ ಬಿರುಕು ಹೊರಟಿದೆ. ಮುಬೀನ್ ಮೇಸ್ತ್ರಿಯನ್ನು ಕರೆಸಿದೆ. ಶಿವಾಜಿನಗರದವರು, ನಮ್ಮ ಕಟ್ಟಡಕ್ಕೆ ಗಾರೆ ಕೆಲಸ ಮಾಡಿದವರೂ ಅವರೇ. ಬಂದವರೇ ಕನ್ನಡಕ ಹಾಕಿಕೊಂಡು ಗೋಡೆಗೆ ಮುಖ ಹಚ್ಚಿ ನಿಂತರು. ಬಿರುಕಿನುದ್ದಕ್ಕೂ ಉಗುರು ಎಳೆದು ನೋಡಿದರು.

“ಬರೀ ಪ್ಲಾಸ್ಟರ್ ಬಿರುಕು ಬಿಟ್ರೆ ಕೂದ್ಲು ಥರ ಇರುತ್ತೆ ಅಮ್ಮಾ. ಇದು ಮೆಟ್ಲು ಮೆಟ್ಲಾಗಿ ಇಳೀತಾ ಇದೆ. ಇಟ್ಟಿಗೆ ಜೊತೆ ಇಟ್ಟಿಗೆ ಬಿಡ್ತಾ ಇದೆ” ಎಂದರು.

ಆಮೇಲೆ ಚೀಲದಿಂದ ಬೆರಳಗಲದ ಗಾಜಿನ ಪಟ್ಟಿ ತೆಗೆದು, ಬಿರುಕಿನ ಮೇಲೆ ಅಡ್ಡಡ್ಡ ಇಟ್ಟು, ಎರಡು ತುದಿಗೂ ಸಿಮೆಂಟ್ ಮೆತ್ತಿದರು. ಪೆನ್ಸಿಲ್ಲಿನಲ್ಲಿ ತಾರೀಖು ಬರೆದರು. ಗೋಡೆ ಸುಮ್ಮನಿದ್ದರೆ ಗಾಜು ಹಾಗೇ ಇರುತ್ತದೆ, ಗೋಡೆ ನಡೆಯುತ್ತಿದ್ದರೆ ಗಾಜು ಒಡೆಯುತ್ತದೆ, ಅಷ್ಟೇ ಲೆಕ್ಕ. ಕೆಳಗಿನ ಎರಡು ಮಹಡಿಯಲ್ಲೂ ಒಂದೊಂದು ಹಾಕಿದರು. ಹುಡುಗಿಯರ ಮುಂದೆ ಏನೂ ಹೇಳಬೇಡಿ ಎಂದು ಕೈಮುಗಿದೆ. ಅವರು ಹೋದ ಮೇಲೆ ಮೂರು ಗಾಜಿನ ಮೇಲೂ ಒಂದೊಂದು ಕ್ಯಾಲೆಂಡರ್ ನೇತುಹಾಕಿದೆ.

ಜುಲೈ 13, ಭಾನುವಾರ

ಮೂರು ಸಲ ಹತ್ತಿ ಕ್ಯಾಲೆಂಡರ್ ಎತ್ತಿ ನೋಡಿದೆ. ಗಾಜು ಹಾಗೇ ಇದೆ. ಆಂಟಿ, ಇಷ್ಟೊಂದು ಸಲ ಯಾಕೆ ಕ್ಯಾಲೆಂಡರ್ ನೋಡುತ್ತೀರಿ ಎಂದು ಒಬ್ಬಳು ಕೇಳಿದಳು. ಏಕಾದಶಿ ಎಂದೇನೋ ಬಾಯಿಗೆ ಬಂದದ್ದು ಹೇಳಿದೆ.

ಜುಲೈ 24, ಗುರುವಾರ

ಒಡೆದಿದೆ. ಮೂರನೇ ಮಹಡಿಯದು, ನಟ್ಟನಡುವೆ, ಚಾಕುವಿನಲ್ಲಿ ಕೊಯ್ದ ಹಾಗೆ. ಒಡೆದ ಎರಡು ತುಂಡಿನ ನಡುವೆ ಎಳ್ಳು ಕಾಳಿನಷ್ಟು ಜಾಗ. ಆ ರೂಮಿನಲ್ಲೇ ಮಂಚದ ಮೇಲೆ ಕುಳಿತುಬಿಟ್ಟೆ.

ಸಂಜೆ ಇವರಿಗೆ ಹೇಳಿದೆ. ಇವರು, ಅಂದರೆ ಕೆಂಪರಾಜ್, ಬಂದು ನೋಡಿ, ಬಟ್ಟೆ ಒಣಗಿಸುವಾಗ ಯಾವಳೋ ಬಕೆಟ್ ತಗುಲಿಸಿದ್ದಾಳೆ ಎಂದರು. ಮಾರನೇ ದಿನಕ್ಕೇ ಆಳು ಕಳಿಸಿ ಬಿರುಕಿಗೆ ಪುಟ್ಟಿ ತುಂಬಿಸುವುದಾಗಿ ಹೇಳಿದರು. ಒಬ್ಬಳು ಫೋಟೋ ತೆಗೆದು ಫೋನಿನಲ್ಲಿ ಹಾಕಿದರೆ ಸಂಜೆಯೊಳಗೆ ಪಿ.ಜಿ. ಖಾಲಿ, ನಿನ್ನ ಮುಖದ ಮೇಲೆ ಭಯ ಕಾಣದ ಹಾಗೆ ಇಟ್ಟುಕೋ ಎಂದೂ ಹೇಳಿದರು. ಸರಿ ಎಂದೆ. ಇವರಿಗೆ ಎದುರಾಡಿ ನನಗೆ ಅಭ್ಯಾಸವಿಲ್ಲ. ನಿಜ ಹೇಳಬೇಕೆಂದರೆ, ಇವರು ಅಷ್ಟು ಜೋರಾಗಿ ಹೇಳಿದ್ದು ಕೇಳಿ ಸ್ವಲ್ಪ ಹೊತ್ತು ನೆಮ್ಮದಿಯೂ ಆಯಿತು.

ನಾವು ಮಲಗುವುದು ರಸ್ತೆಯ ಆಚೆ, ಮೇಡಿನ ಮೇಲಿನ ಹಳೇ ಮನೆಯಲ್ಲಿ. ಅಲ್ಲಿಂದ ಪಿ.ಜಿ.ಯ ದೀಪಗಳು ಕಾಣುತ್ತವೆ.

ಆಗಸ್ಟ್ 8, ಶುಕ್ರವಾರ

ವರಮಹಾಲಕ್ಷ್ಮಿ ಹಬ್ಬ. ಹಬ್ಬದ ದಿನ ಇಂಥದ್ದು ಬರೆಯಬಾರದು, ಆದರೆ ಬರೆಯದಿದ್ದರೆ ಎದೆ ಒಡೆಯುತ್ತದೆ.

ಪಿ.ಜಿ.ಯಲ್ಲಿ ಅಡಿಗೆ ಮಾಡುವ ಮುನಿಗಂಗಮ್ಮ, ಹಿಂದುಗಡೆ ಕೆಸ ಬೇಕಾದಷ್ಟು ಬೆಳೆದಿದೆ, ಎಲೆ ಕಿತ್ತುಕೊಡಿ ಎಂದಳು. ಬೆಳಗ್ಗೆ ಆರಕ್ಕೆ ಹೋದೆ. ನೀಲಗಿರಿ ಇದ್ದಾಗ ಗರಿಕೆಯೂ ಹುಟ್ಟದ ಜಾಗ ಅದು. ಈಗ ಗೋಡೆಯುದ್ದಕ್ಕೂ ಕೆಸ, ಯಾರೂ ನೆಡದೆ, ಮೊಳದುದ್ದ ಎಲೆಗಳು. ಪ್ರತಿ ಎಲೆಯ ತುದಿಯಲ್ಲೂ ಒಂದು ಹನಿ. ನಾನು ನೋಡುತ್ತಿರುವಾಗಲೇ ಹನಿ ಬಿತ್ತು, ಅದೇ ತುದಿಯಲ್ಲಿ ಇನ್ನೊಂದು ಹನಿ ಕೂಡಿತು. ಮತ್ತೆ ಬಿತ್ತು. ಮಳೆ ಬಂದು ನಾಲ್ಕು ದಿನವಾಗಿದೆ. ಕಾಂಪೌಂಡ್ ಗೋಡೆ ಒಣಗಿತ್ತು, ಪಕ್ಕದ ಕಣಗಿಲೆಯೂ ಒಣಗಿತ್ತು. ಹನಿ ಬೀಳುತ್ತಿದ್ದುದು ಕೆಸದ್ದು ಮಾತ್ರ.

ಹೇಮಶ್ರೀ ಕಾಫಿ ಲೋಟ ಹಿಡಿದು ಅಲ್ಲೇ ಓಡಾಡುತ್ತಿದ್ದಳು. ಎರಡನೇ ಮಹಡಿಯ ಹುಡುಗಿ, ಕೃಷಿ ಓದಿ ಬೀಜದ ಕಂಪನಿಯ ಲ್ಯಾಬಿನಲ್ಲಿದ್ದಾಳೆ. ಇಬ್ಬನಿ ಎಷ್ಟು ಚೆನ್ನಾಗಿದೆ ನೋಡು ಎಂದೆ.

“ಇಬ್ಬನಿ ಅಲ್ಲ ಆಂಟಿ. ಅದು ಮೇಲಿಂದ ಬೀಳುತ್ತೆ. ಇದು ಕೆಳಗಿಂದ ಬಂದಿದ್ದು.”

ಅವಳು ಖುಷಿಯಿಂದ ಕುಕ್ಕರಗಾಲಲ್ಲಿ ಕೂತು ವಿವರಿಸಿದಳು. ಬೇರಿನೊಳಗಿನ ರಸ ಮಣ್ಣಿನ ನೀರಿಗಿಂತ ಗಟ್ಟಿ, ಅದರಲ್ಲಿ ಉಪ್ಪು ಜಾಸ್ತಿ. ಅದಕ್ಕೆ ನೀರು ತಾನಾಗಿ ಬೇರಿನ ಒಳಕ್ಕೆ ನುಗ್ಗುತ್ತದೆ. ಹಗಲಲ್ಲಿ ಎಲೆ ಬಿಸಿಲಿಗೆ ನೀರನ್ನು ಆವಿಯಾಗಿ ಬಿಡುತ್ತದೆ, ಬಿಟ್ಟಷ್ಟೂ ಬೇರಿನಿಂದ ಎಳೆದುಕೊಳ್ಳುತ್ತದೆ. ರಾತ್ರಿ ಎಲೆಯ ಬಾಯಿಗಳು ಮುಚ್ಚಿದರೂ ಬೇರು ನಿಲ್ಲುವುದಿಲ್ಲ, ಮೇಲಕ್ಕೆ ನೂಕುತ್ತಲೇ ಇರುತ್ತದೆ. ಹೋಗಲು ದಾರಿಯಿಲ್ಲದ ನೀರು ಎಲೆಯ ಅಂಚಿನಿಂದ ಹೀಗೆ ಹೊರಬರುತ್ತದೆ. ಆದರೆ ಮಣ್ಣು ನೀರುಂಡು ತೇಗುತ್ತಿದ್ದರೆ ಮಾತ್ರ. ಒಣ ನೆಲದಲ್ಲಿ ಇಷ್ಟು ಹನಿ ಬರುವುದಿಲ್ಲವಂತೆ.

ನೀಲಗಿರಿ ದಿನಕ್ಕೆ ಎಷ್ಟು ಕುಡಿಯುತ್ತದೆ ಎಂದು ಸುಮ್ಮನೆ ಕೇಳುವವಳಂತೆ ಕೇಳಿದೆ. ಬೆಳೆದ ಮರವಾದರೆ ಹೆಚ್ಚುಕಮ್ಮಿ ನಲವತ್ತು ಲೀಟರ್ ಎಂದಳು. ನಲವತ್ತೆರಡು ಮರ. ಮೂರು ನಾಲ್ಕು ದಿನಕ್ಕೊಂದು ಟ್ಯಾಂಕರಿನಷ್ಟು ನೀರನ್ನು ಆ ಬೇರುಗಳು ಈ ಗೋಡೆಯ ಬುಡದಿಂದ ಎತ್ತಿ ಗಾಳಿಗೆ ಬಿಡುತ್ತಿದ್ದವು. ಏಪ್ರಿಲ್‌ನಿಂದ ಎತ್ತುವವರಿಲ್ಲ. ಬೊಡ್ಡೆ ಕಿತ್ತ ಗುಂಡಿಗಳಲ್ಲಿ ಮಳೆ ಬೇರೆ ನಿಂತಿತ್ತು. ಆ ನೀರೆಲ್ಲ ಈಗ ಎಲ್ಲಿದೆ ಎಂದು ಅವಳನ್ನು ಕೇಳಬೇಕಾಗಿರಲಿಲ್ಲ. ಕಟ್ಟಡದ ಪಾಯದ ಕೆಳಗೇ ಎಂದು ನನಗೆ ಗೊತ್ತಾಗಿಹೋಗಿತ್ತು. ಕೆಸದ ಎಲೆಗಳನ್ನು ಅಲ್ಲೇ ಬಿಟ್ಟು ಬಂದೆ.

ಆಗಸ್ಟ್ 9, ಶನಿವಾರ

ಹೇಳಲಿಲ್ಲ. ಹೇಳಿದರೆ ಮರ ಕಡಿಸಿದ್ದು ಯಾರು ಎಂಬ ಮಾತು ಬರುತ್ತದೆ.

ಆಗಸ್ಟ್ 21, ಗುರುವಾರ

ಮಾವ ಮಾಲೂರಿನಿಂದ ಬಂದರು. ಎಪ್ಪತ್ತೆಂಟು ವರ್ಷವಾದರೂ ಬೈಲಪ್ಪನವರ ನಡಿಗೆ ಇನ್ನೂ ಚುರುಕು. ಚೀಲ ಇಟ್ಟವರೇ ಪಿ.ಜಿ.ಯ ಹಿಂದಕ್ಕೆ ಹೋದರು. ನಾನು ಕಾಫಿ ಹಿಡಿದು ಹಿಂದೆಯೇ ಹೋದೆ. ಬಯಲಾದ ಜಾಗ ನೋಡುತ್ತ ನಿಂತಿದ್ದರು. ಕೈಕೋಲನ್ನು ನೆಲಕ್ಕೆ ಊರಿದರು, ಅದು ಮೆತ್ತಗೆ ಗೇಣುದ್ದ ಒಳಗೆ ಹೋಯಿತು. ಮೇಲಿನ ಕೆಮ್ಮಣ್ಣಿನ ಕೆಳಗೆ ಕಪ್ಪು ಜೇಡಿ. ಕೋಲು ಕಿತ್ತಾಗ ಆ ತೂತಿನಲ್ಲಿ ನೀರು ಕಾಣಿಸಿತು.

ಯಾರು ಕಡಿಸಿದ್ದು ಎಂದು ಕೇಳಿದರು. ಬೋರ್ ಒಣಗಿತ್ತಲ್ಲ ಮಾವ, ಅದಕ್ಕೇ ಕಡಿಸಿದರು ಎಂದೆ. ಕಡಿಸಿದೆ ಎನ್ನಲಿಲ್ಲ.

“ಆ ಮರ ಹಾಕಿದ್ದೇ ನೀರು ಕುಡೀಲಿ ಅಂತ ಕಣಮ್ಮ. ಕೆರೆ ತೂಬಿನ ಕೆಳಗಿನ ಗದ್ದೆ ಇದು. ಬೇಸಿಗೇಲೂ ಎತ್ತು ಮಂಡಿ ಗಂಟ ಹೂತ್ಕೊಳ್ಳೋದು. ಭತ್ತ ಬಿಟ್ಟ ಮೇಲೆ ನಾನೇ ಸಸಿ ತಂದು ನೆಟ್ಟೆ, ಒಣಗ್ಲಿ ಅಂತ.”

ಒಣಗಲು ಹತ್ತು ವರ್ಷ ಹಿಡಿಯಿತಂತೆ. ಅಷ್ಟೊತ್ತಿಗೆ ನೆಲ ಎಷ್ಟು ಗಟ್ಟಿಯಾಗಿತ್ತೆಂದರೆ, ಇವರು ಪಾಯ ತೆಗೆಸುವಾಗ ಪಿಕಾಸಿ ಚಿಮ್ಮುತ್ತಿತ್ತು. ಬಂಡೆಯಂಥ ನೆಲ, ಐದು ಅಡಿ ಸಾಕು ಎಂದು ಕಂಟ್ರಾಕ್ಟರ್ ಹೇಳಿದ್ದನಂತೆ. ಆಗ ಯಾಕೆ ಹೇಳಲಿಲ್ಲ ಮಾವ ಎಂದೆ.

“ಮರ ಇರೋ ಗಂಟ ಏನೂ ಆಗಲ್ಲ ಅಂದ್ಕಂಡೆ. ಮರಾನೇ ಹೋಗ್ತವೆ ಅಂದ್ಕಂಡಿರ್ಲಿಲ್ಲ.”

ಕಾಫಿ ಮುಟ್ಟದೆ ಕುಳಿತರು. ಅವರ ಪಕ್ಕದಲ್ಲಿ ನಾನೂ ನೆಲದ ಮೇಲೆ ಕುಳಿತೆ. ಸೀರೆ ಒದ್ದೆಯಾದದ್ದು ಎದ್ದ ಮೇಲೆ ಗೊತ್ತಾಯಿತು. ನಾನು ಹಲಸೂರಿನ ಗಲ್ಲಿಯಲ್ಲಿ ಬೆಳೆದವಳು, ಕಾರ್ಪೊರೇಷನ್ನಿನ ನಲ್ಲಿ ತಿರುಗಿಸಿದರೆ ನೀರು ಬರುತ್ತದೆಂದು ತಿಳಿದವಳು. ನನಗೆ ಗದ್ದೆ ಏನು ಗೊತ್ತಿತ್ತು? ಗೊತ್ತಿಲ್ಲದಿದ್ದರೆ ಕೇಳಬಹುದಿತ್ತು.

ಸೆಪ್ಟೆಂಬರ್ 3, ಬುಧವಾರ

ಅಪ್ಪ ಮಗನಿಗೆ ಜೋರು ಮಾತಾಯಿತು. ಕೊನೆಗೆ ಇವರು ತಮ್ಮ ಪರಿಚಯದ ಇಂಜಿನಿಯರ್ ಒಬ್ಬನನ್ನು ಕರೆತಂದರು. ಆತ ಮೊಬೈಲ್ ಹಿಡಿದು ಒಂದು ಸುತ್ತು ಹಾಕಿ, ಗುಂಡಿಗಳನ್ನು ಮುಚ್ಚಿಸಿ, ಬಾವಿಯ ನೀರನ್ನು ಪಂಪ್ ಹಾಕಿ ಹೊರಗೆ ಬಿಡಿ, ಮಿಕ್ಕಿದ್ದು ಮಳೆಗಾಲ ಮುಗಿದ ಮೇಲೆ ನೋಡೋಣ ಎಂದ. ಪಂಪ್ ಹಾಕಿದ್ದೇವೆ. ಹಗಲಲ್ಲಿ ಇಳಿದ ನೀರು ಬೆಳಗಾಗುವುದರೊಳಗೆ ಅದೇ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಹುಡುಗಿಯರನ್ನು ಕಳಿಸಿಬಿಡೋಣ ರೀ ಎಂದು ಮೊದಲ ಸಲ ಬಾಯಿ ಬಿಟ್ಟು ಕೇಳಿದೆ. ಇನ್ನೇನು ಪಕ್ಷ ಬಂತು, ಅದು ಕಳೆಯಲಿ, ದಸರಾ ಮುಗಿಯಲಿ ಎಂದರು. ಪಿತೃಪಕ್ಷದಲ್ಲಿ ಮನೆ ಖಾಲಿ ಮಾಡಿಸುವುದು ಅಪಶಕುನವಂತೆ.

ಮತ್ತೆ ನೀಲಗಿರಿ ನೆಟ್ಟರೆ ಹೇಗೆ ಎಂದು ಹೇಮಶ್ರೀಯನ್ನು ಕೇಳಿದೆ. ಸಸಿ ಅಷ್ಟು ಕುಡಿಯಲು ಐದಾರು ವರ್ಷ ಬೇಕು ಎಂದಳು. ಯಾಕೆ ಆಂಟಿ ಎಂದು ಮುಖ ನೋಡಿದಳು. ಅಂದಚಂದಕ್ಕೆ ಎಂದೆ.

ಇವತ್ತು ಇಬ್ಬರು ಹೊಸ ಹುಡುಗಿಯರು ಸೇರಿದರು. ಒಬ್ಬಳ ತಾಯಿ ದಾವಣಗೆರೆಯಿಂದ ಬಂದಿದ್ದರು. ನಿಮ್ಮನ್ನ ನಂಬಿ ಬಿಟ್ಟು ಹೋಗ್ತಿದೀನಿ ನೋಡ್ರಿ ಎಂದು ನನ್ನ ಕೈ ಹಿಡಿದುಕೊಂಡರು. ಆ ಕೈಗೇ ಕೀ ಕೊಟ್ಟೆ. ಇಬ್ಬರಿಗೂ ಮುಂಭಾಗದ ರೂಮು ಕೊಟ್ಟೆ, ಬಿರುಕಿರುವುದು ಹಿಂದುಗಡೆಯಲ್ಲವೇ. ಹಿಂದಿನ ರೂಮುಗಳಲ್ಲಿ ಇರುವವರಿಗೂ ತಾಯಂದಿರಿದ್ದಾರೆ. ನಾನೆಂಥ ಹೆಂಗಸು ಎಂದು ನನಗೇ ಹೇಸಿಗೆಯಾಯಿತು.

ಸೆಪ್ಟೆಂಬರ್ 15, ಸೋಮವಾರ

ಮೂರನೇ ಮಹಡಿಯ ನಡುವೆ ಒಂದು ನಿಂಬೆಹಣ್ಣು ಇಟ್ಟೆ. ತಾನಾಗಿ ಹೊರಟು ಹಿಂದಿನ ಗೋಡೆಯವರೆಗೂ ಉರುಳಿತು. ಎತ್ತಿಕೊಳ್ಳಲು ಮರೆತು ಬಂದಿದ್ದೆ. ಯಾರೋ ಮಾಟ ಮಾಡಿಸಿದ್ದಾರೆಂದು ಹುಡುಗಿಯರೆಲ್ಲ ಸಂಜೆ ಗುಂಪಾಗಿ ಬಂದರು. ಅವರಿಗೆ ನಿಂಬೆಹಣ್ಣಿನ ಭಯ, ನನಗೆ ಅದು ಉರುಳಿದ ದಿಕ್ಕಿನ ಭಯ. ನನ್ನ ಕೈಯಿಂದಲೇ ಬಿತ್ತು ಎಂದು ಹೇಳಿ ಕಳಿಸಿದೆ.

ಎರಡು ದಿನದಿಂದ ಮೋಡ ಕಟ್ಟಿದೆ.

ಸೆಪ್ಟೆಂಬರ್ 18, ಗುರುವಾರ

ಊರಿನ ಮದುವೆ ಛತ್ರದ ಮೆಟ್ಟಿಲ ಮೇಲೆ ಕುಳಿತು ಬರೆಯುತ್ತಿದ್ದೇನೆ. ಒಳಗೆ ಹುಡುಗಿಯರು ಊಟ ಮಾಡುತ್ತಿದ್ದಾರೆ.

ಮಂಗಳವಾರ, ಬುಧವಾರ ಎರಡು ದಿನವೂ ಮಳೆ ಹೊಡೆಯಿತು. ಇವತ್ತು ಬೆಳಗ್ಗೆ ಹತ್ತೂವರೆಗೆ ಮುನಿಗಂಗಮ್ಮ ಓಡಿಬಂದಳು. ಅಡಿಗೆಮನೆಯ ನೆಲದ ಟೈಲ್ಸ್ ಪಟಾಕಿಯಂತೆ ಸದ್ದು ಮಾಡಿ ಎದ್ದವು, ಸಂದಿಯಿಂದ ನೀರು ಬರುತ್ತಿದೆ ಎಂದಳು. ಹೋಗಿ ನೋಡಿದೆ. ನಾಲ್ಕು ಟೈಲ್ಸ್ ಗುಡಾರದಂತೆ ಎದ್ದು ನಿಂತಿದ್ದವು. ಹಿಂದಿನ ಬಾಗಿಲು ತಳ್ಳಿದರೆ ಅಲುಗಲಿಲ್ಲ. ಒಳಗೆಲ್ಲೋ ಗೋಡೆಯಲ್ಲಿ ಕಬ್ಬು ಮುರಿದಂಥ ಸದ್ದು.

ಇವರಿಗೆ ಫೋನ್ ಮಾಡಿದೆ. ಕೆ.ಆರ್. ಪುರದಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿದ್ದರು. ಇಂಜಿನಿಯರ್‌ನನ್ನು ಕರೆದುಕೊಂಡು ಒಂದು ಗಂಟೆಯಲ್ಲಿ ಬರುತ್ತೇನೆ, ಅಲ್ಲಿಯವರೆಗೆ ಯಾರಿಗೂ ಏನೂ ಹೇಳಬೇಡ ಎಂದರು. ಆಯಿತು ಎಂದು ಫೋನ್ ಇಟ್ಟು, ಊಟಕ್ಕೆ ಹೊಡೆಯುವ ಸ್ಟೀಲ್ ತಟ್ಟೆಯನ್ನು ತೆಗೆದುಕೊಂಡು ಮೆಟ್ಟಿಲ ಬುಡದಲ್ಲಿ ನಿಂತು ಸೌಟಿನಿಂದ ಬಾರಿಸಿದೆ. ಎಲ್ಲರೂ ಈಗಲೇ ಇಳಿಯಿರಿ, ಫೋನು ಪರ್ಸು ಬಿಟ್ಟರೆ ಬೇರೇನೂ ಬೇಡ ಎಂದು ಕೂಗಿದೆ. ಸುಮಾರು ಜನ ಆಫೀಸಿಗೆ ಹೋಗಿದ್ದರು. ಮನೆಯಿಂದಲೇ ಕೆಲಸ ಮಾಡುವವರು, ರಾತ್ರಿ ಪಾಳಿ ಮುಗಿಸಿ ಮಲಗಿದವರು, ಜ್ವರದವಳೊಬ್ಬಳು, ರಜೆ ಹಾಕಿದ್ದ ಹೇಮಶ್ರೀ, ಒಟ್ಟು ಹದಿನೈದು ಜನ ಒಳಗಿದ್ದರು. ಮಾವ ಗೇಟಿನಲ್ಲಿ ಕೈಕೋಲು ಅಡ್ಡ ಹಿಡಿದು ನಿಂತು, ಲ್ಯಾಪ್‌ಟಾಪ್ ಮರೆತೆ ಎಂದು ವಾಪಸ್ ಓಡುವವರನ್ನು ತಡೆದರು.

ಎಣಿಸಿದೆ. ಹದಿನಾಲ್ಕು. ಮತ್ತೆ ಎಣಿಸಿದೆ. ಹದಿನಾಲ್ಕೇ. ಶ್ವೇತ ಇಲ್ಲ ಎಂದಳು ಹೇಮಶ್ರೀ. ಮೂರನೇ ಮಹಡಿ, ಕೊನೆಯ ರೂಮು. ರಾತ್ರಿಯೆಲ್ಲ ಕೆಲಸ ಮಾಡಿ, ಕಿವಿಗೆ ಹತ್ತಿ ಇಟ್ಟುಕೊಂಡು ಮಲಗುವ ಹುಡುಗಿ. ಫೋನ್ ಸೈಲೆಂಟ್‌ನಲ್ಲಿತ್ತು.

ಆ ಮೆಟ್ಟಿಲು ಹತ್ತುವಾಗ ನನಗೆ ಅಳು ಬರುತ್ತಿತ್ತು. ಸತ್ತುಹೋಗುತ್ತೇನೆ ಎಂದು ಒಂದೊಂದು ಮೆಟ್ಟಿಲಿಗೂ ಅನ್ನಿಸಿತು. ಎರಡನೇ ಮಹಡಿಯ ತಿರುವಿನಲ್ಲಿ ಗೋಡೆಯಿಂದ ಮರಳು ಸುರಿಯುತ್ತಿತ್ತು, ಸಕ್ಕರೆ ಚೀಲ ತೂತಾದಂತೆ. ಅಲ್ಲಿ ಒಂದು ಗಳಿಗೆ ನಿಂತೆ. ಕೆಳಗೆ ಇಳಿದುಬಿಡಲೇ ಅನ್ನಿಸಿತು, ಅದನ್ನೂ ಬರೆದುಬಿಡುತ್ತೇನೆ. ಆಮೇಲೆ ಹತ್ತಿದೆ. ಬಾಗಿಲು ಬಡಿದೆ, ಒದ್ದೆ. ಬಹಳ ಹೊತ್ತಿನ ಮೇಲೆ ಒಳಗಿನಿಂದ ನಿದ್ದೆಗಣ್ಣಿನ ದನಿ ಬಂತು. ಚಿಲಕ ತೆಗೆದಳು, ಬಾಗಿಲು ಬರಲಿಲ್ಲ. ಅವಳು ಒಳಗಿನಿಂದ ಎಳೆದಳು, ನಾನು ಹೊರಗಿನಿಂದ ಭುಜ ಕೊಟ್ಟೆ. ಏನಾಗ್ತಿದೆ ಆಂಟಿ ಎಂದು ಅವಳು ಅಳತೊಡಗಿದಳು. ಅಷ್ಟರಲ್ಲಿ ಹೇಮಶ್ರೀ ಹಾರೆ ಹೊತ್ತು ಹತ್ತಿಬಂದಳು, ಮಾವ ಕೊಟ್ಟಿದ್ದಂತೆ. ಇಬ್ಬರೂ ಸೇರಿ ಚೌಕಟ್ಟಿನ ಸಂದಿಗೆ ಹಾರೆ ತೂರಿಸಿ ಮೀಟಿದೆವು. ಮೂರನೇ ಸಲಕ್ಕೆ ಬಾಗಿಲು ಕೀಲು ಸಮೇತ ಕಿತ್ತುಬಂತು. ಶ್ವೇತಳ ರಟ್ಟೆ ಹಿಡಿದು ಎಳೆದುಕೊಂಡೇ ಇಳಿದೆ. ಅವಳ ರಟ್ಟೆಯ ಮೇಲೆ ನನ್ನ ಐದು ಬೆರಳೂ ಮೂಡಿವೆ, ಈಗ ತಾನೇ ತೋರಿಸಿ ನಕ್ಕಳು.

ಇವರು ಬಂದಾಗ ರಸ್ತೆ ತುಂಬ ಜನ. ಮುಖ ಕೆಂಪಗಾಗಿತ್ತು. ಯಾರನ್ನ ಕೇಳಿ ಖಾಲಿ ಮಾಡಿಸಿದೆ ಎಂದು ಎಲ್ಲರ ಎದುರಿಗೇ ಕೂಗಿದರು.

“ನಾನೇ ಮಾಡ್ಸಿದ್ದು. ಮರ ಕಡ್ಸಿದ್ದೂ ನಾನೇ. ನೆಲದಲ್ಲಿ ನೀರಿದೆ ಅಂತ ವರಮಹಾಲಕ್ಷ್ಮಿ ಹಬ್ಬದ ದಿನಾನೇ ನಂಗೆ ಗೊತ್ತಿತ್ತು. ಆರು ವಾರ ಈ ಮಕ್ಕಳನ್ನ ಇದರೊಳಗೆ ಮಲಗಿಸ್ದೆ.”

ಹುಡುಗಿಯರು ನನ್ನನ್ನು ನೋಡಿದ ನೋಟ ಯಾವತ್ತೂ ಮರೆಯುವಂಥದ್ದಲ್ಲ. ಒಬ್ಬಳು ತಿರುಗಿ ನಿಂತಳು. ದಾವಣಗೆರೆಯ ತಾಯಿಗೆ ನಾನೇ ಫೋನ್ ಮಾಡಿ ಹೇಳಿದೆ. ಅವರು ಬೈದರು, ಬೈಗುಳ ಮುಗಿಯುವವರೆಗೂ ಫೋನ್ ಹಿಡಿದು ನಿಂತಿದ್ದೆ.

ಸೆಪ್ಟೆಂಬರ್ 19, ಶುಕ್ರವಾರ

ಬೆಳಗಿನ ಜಾವ ಕಟ್ಟಡದ ಹಿಂದಿನ ಮೂಲೆ ಗೇಣುದ್ದ ಕುಸಿದಿದೆ. ಕೊನೆಯ ರೂಮಿನ ಹೊರಗೋಡೆ ಕಳಚಿಬಿದ್ದು, ರಸ್ತೆಯಿಂದಲೇ ಶ್ವೇತಳ ಮಂಚ ಕಾಣುತ್ತದೆ. ದಿಂಬಿನ ಮೇಲೆ ಇಟ್ಟಿಗೆಗಳಿವೆ.

ಇನ್ನೇನೂ ಬರೆಯಲಾರೆ.

ಅಕ್ಟೋಬರ್ 6, ಸೋಮವಾರ

ಹುಡುಗಿಯರೆಲ್ಲ ಬೇರೆ ಬೇರೆ ಕಡೆ ಸೇರಿಕೊಂಡರು. ಹೇಮಶ್ರೀ ಕಾಕ್ಸ್ ಟೌನಿನಲ್ಲಿ ಇದ್ದಾಳೆ, ಭಾನುವಾರ ಬಂದು ಹೋದಳು. ಪಾಲಿಕೆಯವರು ಬಂದು ಪ್ಲಾಸ್ಟಿಕ್ ಪಟ್ಟಿ ಕಟ್ಟಿ, ಒಂದು ಕಾಗದ ಅಂಟಿಸಿ, ವರದಿ ತರಿಸಿಕೊಡಿ ಎಂದು ಹೇಳಿ ಹೋದರು. ಕಾಗದ ಮೊದಲ ಮಳೆಗೇ ಹೋಯಿತು. ಪಟ್ಟಿಯನ್ನು ಯಾರೋ ಮೇಕೆ ಕಟ್ಟಲು ಬಿಚ್ಚಿಕೊಂಡು ಹೋದರು.

ಇವರು ದಿನಕ್ಕೆ ನಾಲ್ಕು ಸಲ ಹೋಗಿ ಅದರ ಮುಂದೆ ನಿಲ್ಲುತ್ತಾರೆ. ಅಪ್ಪನ ಜಮೀನಿನಲ್ಲಿ ಇವರು ಸ್ವಂತ ಬುದ್ಧಿಯಿಂದ ಮಾಡಿದ್ದು ಅದೊಂದೇ. ದುರಾಸೆ ಎಂದು ನಾನು ಅನ್ನುವುದಿಲ್ಲ, ಇವರ ಸಂಕಟ ನನಗೆ ಗೊತ್ತು. ನಿನ್ನೆ ಇಂದಿರಾನಗರದಿಂದ ದತ್ತು ಬಂದಿದ್ದ, ಜಮೀನು ಮನೆ ವ್ಯಾಪಾರ ಮಾಡಿಸುವವನು, ಇವರ ಜೊತೆ ಶಾಲೆಗೆ ಹೋದವನು. ಹೊರಗಿನ ಹಿಂದಿಯವರ ಪಾರ್ಟಿ ಒಂದಿದೆ, ಈ ಕಡೆಯ ಜನರ ಪರಿಚಯ ಅವರಿಗಿಲ್ಲ, ಕುಸಿದ ಮೂಲೆಯನ್ನು ಜಾಕ್ ಕೊಟ್ಟು ಎತ್ತಿ ಗೋಡೆ ಕಟ್ಟಿಸಿ ಬಣ್ಣ ಹೊಡೆಸಿದರೆ ಹುಡುಗರ ಪಿ.ಜಿ. ಮಾಡಲು ತೆಗೆದುಕೊಳ್ಳುತ್ತಾರೆ ಎಂದ. ಗೋಡೆ ಬಿದ್ದದ್ದಕ್ಕೆ ಮಳೆ ಎಂದರೆ ಸಾಕು, ನೆಲದ ವಿಚಾರ ನಾವಾಗಿ ಯಾಕೆ ಎತ್ತಬೇಕು ಎಂದ. ನಾಳೆ ಹನ್ನೊಂದಕ್ಕೆ ಕರೆತರುತ್ತೇನೆ ಎಂದ. ಇವರು ಹೂಂ ಅನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ. ಇಪ್ಪತ್ತು ವರ್ಷ ಸಂಸಾರ ಮಾಡಿದ್ದೇನೆ, ಅದು ಒಪ್ಪಿಗೆಯೆಂದು ನನಗ್ಯಾರೂ ಹೇಳಿಕೊಡಬೇಕಿಲ್ಲ.

ಬೆಳಗ್ಗೆ ಇವರು ಹೊರಗೆ ಹೋಗುತ್ತಲೇ ಗೇಟಿಗೆ ಹಚ್ಚಿ ಮಿಕ್ಕಿದ್ದ ಕೆಂಪು ಬಣ್ಣದ ಡಬ್ಬಿ ತೆಗೆದುಕೊಂಡು ಹೋದೆ. ಮಾವ ಸ್ಟೂಲ್ ಹಿಡಿದು ಬಂದರು, ಏನು ಎತ್ತ ಎಂದು ಕೇಳಲಿಲ್ಲ. ಗೋಡೆ ಮುಟ್ಟಿದರೆ ತಣ್ಣಗೆ ಒದ್ದೆ. ಸ್ಟೂಲ್ ಹತ್ತಿ ಮುಂಭಾಗದ ಗೋಡೆಯ ಮೇಲೆ, ರಸ್ತೆಯಿಂದ ಕಾಣುವ ಹಾಗೆ ಮೊಳದುದ್ದ ಅಕ್ಷರದಲ್ಲಿ ಬರೆದೆ.

‘ಒಳಗೆ ಯಾರೂ ಹೋಗಬೇಡಿ. ಇದು ಗದ್ದೆ. ನೆಲದ ಕೆಳಗೆ ನೀರಿದೆ. ಕಟ್ಟಡ ಕುಸಿಯುತ್ತಿದೆ. ಕೊಳ್ಳುವವರು ಮೊದಲು ನನ್ನನ್ನು ಕೇಳಿ. ಭವ್ಯ, ಎದುರುಮನೆ.’

ಕೆಳಗೆ ನನ್ನ ಫೋನ್ ನಂಬರ್ ಹಾಕಿದೆ. ಹಿಂದಿ ಬಲ್ಲ ಮುಬೀನ್ ಮೇಸ್ತ್ರಿಗೆ ಫೋನ್ ಮಾಡಿ ಕರೆಸಿ, ಪಕ್ಕದಲ್ಲೇ ಹಿಂದಿಯಲ್ಲೂ ಬರೆಸಿದೆ.

ಹನ್ನೊಂದಕ್ಕೆ ದತ್ತುವಿನ ಕಾರು ಬಂತು. ಹಿಂದಿನ ಸೀಟಿನಿಂದ ಇಬ್ಬರು ಇಳಿದರು, ಗೋಡೆ ಓದಿದರು, ಫೋಟೋ ತೆಗೆದುಕೊಂಡರು, ಮತ್ತೆ ಕಾರು ಹತ್ತಿದರು. ದತ್ತು ಕಾರಿನಿಂದ ಇಳಿಯಲೇ ಇಲ್ಲ. ಆಮೇಲೆ ಇವರಿಗೆ ಫೋನ್ ಮಾಡಿರಬೇಕು.

ಮಧ್ಯಾಹ್ನ ಇವರ ಬೈಕಿನ ಸದ್ದು ಕೇಳಿದಾಗ ನಾನು ಜಗಲಿಯಲ್ಲಿದ್ದೆ. ಗೋಡೆಯ ಮುಂದೆ ನಿಲ್ಲಿಸಿದರು. ಹೆಲ್ಮೆಟ್ ತೆಗೆದು ಓದಿದರು. ಬಹಳ ಹೊತ್ತು ಅಲ್ಲೇ ನಿಂತರು. ನನಗೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕೆನ್ನಿಸಿತು. ಹೋಗಲಿಲ್ಲ.

ಬಂದರು, ಕೈಕಾಲು ತೊಳೆದರು, ಊಟಕ್ಕೆ ಕುಳಿತರು. ಮುದ್ದೆ ಹಾಕಿದೆ, ಸಾರು ಬಡಿಸಿದೆ. ಮಾವ ತಲೆ ಎತ್ತದೆ ಉಣ್ಣುತ್ತಿದ್ದರು. ಅರ್ಧ ಊಟವಾದ ಮೇಲೆ ಇವರು ತಟ್ಟೆ ನೋಡುತ್ತಲೇ ಕೇಳಿದರು.

“ಬಣ್ಣ ಮಿಕ್ಕಿದ್ಯಾ? ಹಿಂದಿನ ಗೇಟ್ ಕಡೆಯಿಂದಾನೂ ಜನ ಬರ್ತಾರೆ.”